ಬಿ.ಕಾಂ, 5 ವರ್ಷ ಅಕೌಂಟ್ಸ್ ಕೆಲಸ: ಈಗ ಐಟಿಗೆ ಬರೋದಾದ್ರೆ ಯಾವ ಬಾಗಿಲು?

ಖಾತೆಪುಸ್ತಕ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬಿ.ಕಾಂ ಆದಮೇಲೆ 5 ವರ್ಷ ಆಡಿಟರ್ ಆಫೀಸಿನಲ್ಲಿ ಕೆಲಸ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ರಿಕನ್ಸಿಲಿಯೇಶನ್ ಬರುತ್ತೆ. ಎಕ್ಸೆಲ್‌ನಲ್ಲಿ ವಿ-ಲುಕಪ್, ಪಿವಟ್ ತನಕ. ಕೋಡಿಂಗ್ ಸೊನ್ನೆ. ವಯಸ್ಸು 27. ಆಫೀಸಿನಲ್ಲಿ ಇರೋದು 9 ಜನ, ಪಿಎಫ್ ಇಲ್ಲ.

ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಜಾವಾ ಫುಲ್ ಸ್ಟ್ಯಾಕ್ (ವೆಬ್‌ಸೈಟಿನ ಮುಂಭಾಗ, ಹಿಂಭಾಗ ಎರಡೂ ಬರೆಯೋದು) 6 ತಿಂಗಳು, ಫೀಸು ₹85,000 ಅಂದ್ರು. "3 ವರ್ಷದ ಎಕ್ಸ್‌ಪೀರಿಯನ್ಸ್ ನಾವೇ ಹಾಕಿಕೊಡ್ತೀವಿ, ಇಂಟರ್‌ವ್ಯೂ ಪಾಸಾದ್ರೆ ಸಾಕು" ಅಂತಲೂ ಹೇಳಿದ್ರು.

ಕೇಳಬೇಕಾದ್ದು ಇಷ್ಟು. ಇದಕ್ಕೆ ಸೇರಬಹುದಾ? ಐದು ವರ್ಷದ ಕೆಲಸ ಐಟಿಯಲ್ಲಿ ಲೆಕ್ಕಕ್ಕೇ ಬರಲ್ವಾ? ಕೆಲಸ ಬಿಟ್ಟು ಓದಬೇಕಾ, ಇದ್ದುಕೊಂಡೇ ಓದಬಹುದಾ? ಲ್ಯಾಪ್‌ಟಾಪ್ ಹಳೇ ಐ3, 4 ಜಿಬಿ ರ್‍ಯಾಮ್, ಹಾರ್ಡ್ ಡಿಸ್ಕ್. ನಡೆಯುತ್ತಾ?

ಎಡಬದಿ_ಜಾಯಿನ್

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಐದು ವರ್ಷ ಬದಿಗಿಟ್ಟು ಫುಲ್ ಸ್ಟ್ಯಾಕ್ ಸಾಲಿನಲ್ಲಿ ನಿಂತರೆ ನೀವು ಆ ಸಾಲಿನ ಕಟ್ಟಕಡೆಯವರು. ಮುಂದೆ ಇರೋರು ಈ ವರ್ಷ ಪಾಸಾದ ಬಿಇ, ಬಿಸಿಎ ಮಕ್ಕಳು. ದೊಡ್ಡ ಕಂಪನಿಗಳ ಫ್ರೆಶರ್ ನೇಮಕಾತಿಗೆ ಸಾಮಾನ್ಯವಾಗಿ ಪಾಸಾದ ವರ್ಷದ ಮಿತಿ ಇರುತ್ತೆ, ಐದು ವರ್ಷ ಹಳೇ ಪದವಿಯ ಅರ್ಜಿ ಮೊದಲ ಜರಡಿಯಲ್ಲೇ ಉದುರುತ್ತೆ. ಅದೇ ಐದು ವರ್ಷ ಇಟ್ಟುಕೊಂಡೇ ಬಂದರೆ ಮೂರು ಬಾಗಿಲಿವೆ: ಫೈನಾನ್ಸ್ ಕಡೆಯ ಡೇಟಾ ಅಥವಾ ಎಂಐಎಸ್ (ಆಡಳಿತಕ್ಕೆ ಬೇಕಾದ ರಿಪೋರ್ಟ್) ಅನಲಿಸ್ಟ್, ಅಕೌಂಟಿಂಗ್ ಸಾಫ್ಟ್‌ವೇರ್ ಅಥವಾ ಇಆರ್‌ಪಿಯ (ಇಡೀ ಕಂಪನಿಯ ಲೆಕ್ಕ, ದಾಸ್ತಾನು ನೋಡೋ ಸಾಫ್ಟ್‌ವೇರ್) ಫಂಕ್ಷನಲ್ ಸಪೋರ್ಟ್ (ಬಳಸೋರ ತೊಂದರೆ ಬಗೆಹರಿಸೋದು), ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟಿಂಗ್. ನನಗೆ ಗೊತ್ತಿರೋದು ಮೊದಲನೇದು, ಅದರ ಬಗ್ಗೆ ಮಾತ್ರ ಹೇಳ್ತೀನಿ.

ಕಲಿಕೆ ಎಸ್‌ಕ್ಯೂಎಲ್‌ನಿಂದ (ಡೇಟಾಬೇಸ್‌ನಿಂದ ಮಾಹಿತಿ ಕೇಳೋ ಭಾಷೆ) ಶುರುವಾಗಲಿ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಪುಕ್ಕಟೆ. ನಿಮ್ಮ ಲ್ಯಾಪ್‌ಟಾಪ್‌ಗೆ ಅದೂ ಭಾರ ಅನ್ನಿಸಿದರೆ ಎಸ್‌ಕ್ಯೂಲೈಟ್ ಹಾಕಿ, ನೋಡೋಕೆ ಡಿಬಿ ಬ್ರೌಸರ್ ಸಾಕು. ಸೆಲೆಕ್ಟ್, ವೇರ್, ಗ್ರೂಪ್ ಬೈ, ಜಾಯಿನ್ (ಎರಡು ಟೇಬಲ್ ಜೋಡಿಸೋದು) ಇಷ್ಟಕ್ಕೆ ಸಂಜೆ ಹೊತ್ತು ಕೂತರೆ 3-4 ವಾರ. ವಿಂಡೋ ಫಂಕ್ಷನ್‌ಗೆ (ಪ್ರತಿ ಸಾಲಿನ ಪಕ್ಕ ಹಿಂದು-ಮುಂದಿನ ಸಾಲುಗಳ ಲೆಕ್ಕ) ಇನ್ನೆರಡು ವಾರ. ಲೆಡ್ಜರ್‌ನ ರನ್ನಿಂಗ್ ಬ್ಯಾಲೆನ್ಸ್ ತೆಗೆಯೋದೇ ಅದರ ಮೊದಲ ಪಾಠ ಅಂದುಕೊಳ್ಳಿ, ಬೇಗ ಹತ್ತುತ್ತೆ.

ಇಂಟರ್‌ವ್ಯೂನಲ್ಲಿ ಜನ ಎಡವೋ ಜಾಗ ಇದು. ಒಂದು ಇನ್‌ವಾಯ್ಸ್ ₹10,000. ಪಾರ್ಟಿ ಎರಡು ಕಂತಲ್ಲಿ ಕಟ್ಟಿದ್ದಾನೆ, 4,000 ಮತ್ತು 6,000. ಇನ್‌ವಾಯ್ಸ್ ಟೇಬಲ್‌ಗೆ ಪೇಮೆಂಟ್ ಟೇಬಲ್ ಜಾಯಿನ್ ಮಾಡಿದ ಕೂಡಲೇ ಇನ್‌ವಾಯ್ಸ್‌ನ ಒಂದು ಸಾಲು ಎರಡಾಗುತ್ತೆ. ಕೂಡಿದರೆ ಮಾರಾಟ 20,000, ವಸೂಲಿ 10,000, ಇನ್ನೂ 10,000 ಬಾಕಿ ಅಂತ ತೋರಿಸುತ್ತೆ. ಪೇಮೆಂಟ್‌ಗಳನ್ನು ಮೊದಲು ಇನ್‌ವಾಯ್ಸ್‌ವಾರು ಕೂಡಿಸಿ ಒಂದೊಂದೇ ಸಾಲು ಮಾಡಿಕೊಂಡು ಆಮೇಲೆ ಜಾಯಿನ್ ಮಾಡಬೇಕು. ಅದೂ ಲೆಫ್ಟ್ ಜಾಯಿನ್, ಅಂದ್ರೆ ಇನ್‌ವಾಯ್ಸ್ ಸಾಲುಗಳೆಲ್ಲ ಉಳಿಯೋ ಥರ. ಇಲ್ಲದಿದ್ರೆ ಒಂದು ಪೈಸೆಯೂ ಕಟ್ಟದ ಪಾರ್ಟಿ ಪಟ್ಟಿಯಿಂದಲೇ ಮಾಯ, ಅವನನ್ನು ಹಿಡಿಯೋಕೆ ತಾನೇ ರಿಪೋರ್ಟ್ ತೆಗೆದದ್ದು! ಇದರಲ್ಲಿ ನಿಮಗೊಂದು ಅನುಕೂಲ ಇದೆ. ಕ್ವೆರಿ ಓಡಿತು ಅಂದ್ರೆ ಉತ್ತರ ಸರಿ ಅಂತ ಬಹಳ ಜನ ಎದ್ದು ಹೋಗ್ತಾರೆ. ಟ್ರಯಲ್ ಬ್ಯಾಲೆನ್ಸ್ ಕೂರಿಸಿ ಅಭ್ಯಾಸ ಇರೋರು ಮೊತ್ತ ತಾಳೆ ನೋಡದೆ ಏಳಲ್ಲ.

ಇನ್ನೊಂದು ಬಲೆ: "ಈ ಪಟ್ಟಿಯಲ್ಲಿ ಇಲ್ಲದವರು" ಅಂತ ನಾಟ್ ಇನ್ ಬರೆದಾಗ ಆ ಪಟ್ಟಿಯಲ್ಲಿ ಒಂದೇ ಒಂದು ನಲ್ (ಏನೂ ತುಂಬದ ಖಾಲಿ ಜಾಗ) ಇದ್ದರೂ ಉತ್ತರ ಖಾಲಿ ಬರುತ್ತೆ. ಎರರ್ ಬರಲ್ಲ, ಸುಮ್ಮನೆ ಖಾಲಿ. ನಾಟ್ ಎಕ್ಸಿಸ್ಟ್ಸ್ ಬಳಸಿ.

ಆಮೇಲೆ ತೋರಿಸೋಕೆ ಒಂದು ಪ್ರಾಜೆಕ್ಟ್. ಟೈಟಾನಿಕ್ ಡೇಟಾ, ಐರಿಸ್ ಹೂವಿನ ಡೇಟಾ ಎಲ್ಲರ ರೆಸ್ಯೂಮೆಯಲ್ಲೂ ಇದೆ. ನೀವು ಖರೀದಿ ರಿಜಿಸ್ಟರ್‌ಗೂ ಜಿಎಸ್‌ಟಿಆರ್-2ಬಿಗೂ (ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸೋ ಪಟ್ಟಿ) ತಾಳೆ ಹಾಕೋ ಪ್ರೋಗ್ರಾಂ ಬರೀರಿ. ತಿಂಗಳಿಗೊಮ್ಮೆ ಕೈಯಲ್ಲಿ ಮಾಡ್ತಿರೋ ಕೆಲಸವೇ ಅದು. ಪೈಥಾನ್ ಜೊತೆ ಪಾಂಡಾಸ್ (ಅದರಲ್ಲಿ ಟೇಬಲ್ ಡೇಟಾ ನಿಭಾಯಿಸೋ ಲೈಬ್ರರಿ) ಸಾಕು. ಹೀಗೆ ಹೋಗಿ:

1. ಎರಡೂ ಫೈಲನ್ನು ಓದುವಾಗ ಎಲ್ಲ ಕಾಲಮ್ಮನ್ನೂ ಪಠ್ಯ ಅಂತಲೇ ಓದಿಸಿ. ಸಂಖ್ಯೆ ಅಂತ ಬಿಟ್ಟರೆ ಇನ್‌ವಾಯ್ಸ್ 0045 ಹೋಗಿ 45 ಆಗುತ್ತೆ, ಎಚ್‌ಎಸ್‌ಎನ್ (ಸರಕಿನ ವರ್ಗ) ಕೋಡಿನ ಮುಂದಿನ ಸೊನ್ನೆಯೂ ಹೋಗುತ್ತೆ. 2ಬಿ ಎಕ್ಸೆಲ್‌ನಲ್ಲಿ ಮೇಲಿನ ಕೆಲವು ಸಾಲು ತಲೆಬರಹ, ಮರ್ಜ್ ಆದ ಸೆಲ್ಲುಗಳು. ಅವನ್ನು ಬಿಟ್ಟು ಓದಬೇಕು.

2. ಜಿಎಸ್‌ಟಿಐಎನ್ (ವ್ಯಾಪಾರಿಯ ಜಿಎಸ್‌ಟಿ ನಂಬರ್) 15 ಅಕ್ಷರ ಇದೆಯಾ ನೋಡಿ. ಮೊದಲ 2 ರಾಜ್ಯದ ಕೋಡ್ (ನಮ್ಮದು 29), ಮುಂದಿನ 10 ಪ್ಯಾನ್, ಕೊನೆಯದು ನಂಬರ್ ಸರಿಯಿದೆಯಾ ಅಂತ ನೋಡೋ ಚೆಕ್ ಅಂಕಿ ಅಥವಾ ಅಕ್ಷರ. ತಪ್ಪು ಟೈಪಾಗಿದ್ದು ಇಲ್ಲೇ ಸಿಗುತ್ತೆ.

3. ಇನ್‌ವಾಯ್ಸ್ ನಂಬರ್ ಒಂದೇ ರೂಪಕ್ಕೆ ತನ್ನಿ. ನಿಮ್ಮ ಪುಸ್ತಕದಲ್ಲಿ "45", 2ಬಿಯಲ್ಲಿ "0045/24-25". ಗೆರೆ, ಓರೆಗೆರೆ, ಖಾಲಿ ಜಾಗ ಎಲ್ಲ ಅಳಿಸಿಬಿಡೋಣ ಅನ್ನಿಸುತ್ತೆ. ಆದರೆ ಹಾಗೆ ಅಳಿಸಿದರೆ "1/123" ಕೂಡ 1123, "11/23" ಕೂಡ 1123. ಓರೆಗೆರೆಯಲ್ಲಿ ತುಂಡು ಮಾಡಿ, ಪ್ರತಿ ತುಂಡಿನ ಮುಂದಿನ ಸೊನ್ನೆ ತೆಗೆದು, ಹಣಕಾಸು ವರ್ಷದ ತುಂಡನ್ನು ಬೇರೆ ಕಾಲಮ್ಮಿನಲ್ಲಿ ಇಡಿ.

4. ತಾಳೆ ಮೂರು ಸುತ್ತು. ಮೊದಲು ಜಿಎಸ್‌ಟಿಐಎನ್, ನಂಬರ್, ಮೊತ್ತ ಮೂರೂ ಸರಿಯಾಗಿ ಕೂಡೋದು. ಎರಡನೇ ಸುತ್ತು ಮೊತ್ತದಲ್ಲಿ ₹1ರ ತನಕ ವ್ಯತ್ಯಾಸ ಬಿಟ್ಟು. ಮೂರನೇದು ಜಿಎಸ್‌ಟಿಐಎನ್ ಮತ್ತು ಮೊತ್ತ ಕೂಡಿ ನಂಬರ್ ಬೇರೆ ಇರೋದು. ಇದನ್ನು ಪ್ರೋಗ್ರಾಂ ತಾನೇ ಒಪ್ಪಬಾರದು, "ಕಣ್ಣಲ್ಲಿ ನೋಡಿ" ಅಂತ ಬೇರೆ ಶೀಟಿಗೆ ಹಾಕಬೇಕು. ಪ್ರತಿ ಸುತ್ತಿನಲ್ಲಿ ಕೂಡಿದ ಸಾಲನ್ನು ತೆಗೆದೇ ಮುಂದಕ್ಕೆ ಹೋಗಿ, ಇಲ್ಲದಿದ್ರೆ ಒಂದೇ ಬಿಲ್ಲು ಎರಡು ಸಲ ಕೂಡುತ್ತೆ.

5. ಉಳಿದದ್ದಕ್ಕೆ ಕಾರಣ ಬರೀರಿ. ಸಪ್ಲೈಯರ್ 11ನೇ ತಾರೀಕು ದಾಟಿ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕಿದ್ದರೆ, 14ಕ್ಕೆ ತಯಾರಾಗೋ 2ಬಿಯಲ್ಲಿ ಆ ಬಿಲ್ಲು ಬರಲ್ಲ, ಮುಂದಿನ ತಿಂಗಳಿಗೆ ಹೋಗುತ್ತೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋರದ್ದು ಇನ್ನೂ ತಡ. "ಪುಸ್ತಕದಲ್ಲಿದೆ, 2ಬಿಯಲ್ಲಿಲ್ಲ" ಅನ್ನೋ ಪಟ್ಟಿಯ ಪಕ್ಕ ಈ ಕಾರಣ ಬರೆದವರು ಇಂಟರ್‌ವ್ಯೂನಲ್ಲಿ ಬೇರೆಯೇ ಕಾಣ್ತಾರೆ.

ಹಣವನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಿನಲ್ಲಿ ಇಡೋ ಸಂಖ್ಯೆ) ಇಡಬೇಡಿ. ಪೈಸೆ ಲೆಕ್ಕಕ್ಕೆ ತಂದು ಪೂರ್ಣಾಂಕ ಮಾಡಿ, ಇಲ್ಲವೇ ಡೆಸಿಮಲ್ ಬಳಸಿ. ಪೈಥಾನ್‌ನ ರೌಂಡ್ 2.5 ಅನ್ನು 2 ಮಾಡುತ್ತೆ, ಎಕ್ಸೆಲ್ 3 ಮಾಡುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾಕೆ ಕೂಡ್ತಿಲ್ಲ ಅಂತ ರಾತ್ರಿಯೆಲ್ಲ ತಲೆ ಕೆರೆದುಕೊಳ್ಳೋದು ಬೇಡ.

ಆಫೀಸಿನ ಕ್ಲೈಂಟ್‌ಗಳ ನಿಜವಾದ ಡೇಟಾ ಗಿಟ್‌ಹಬ್‌ಗೆ (ಕೋಡ್ ಎಲ್ಲರಿಗೂ ತೋರಿಸೋ ತಾಣ) ಹಾಕಲೇಬೇಡಿ. ಹೆಸರು ಬದಲಿಸಿದರೆ ಸಾಲಲ್ಲ, ಜಿಎಸ್‌ಟಿಐಎನ್ ಒಳಗೇ ಪ್ಯಾನ್ ಇದೆ. ಸುಳ್ಳು ಪಾರ್ಟಿಗಳ 500 ಸಾಲನ್ನು ಪ್ರೋಗ್ರಾಂನಲ್ಲೇ ಹುಟ್ಟಿಸಿ, ಅದರಲ್ಲಿ ಬೇಕಂತಲೇ 40 ತಪ್ಪು ಸೇರಿಸಿ, ನಿಮ್ಮ ಪ್ರೋಗ್ರಾಂ ಎಷ್ಟು ಹಿಡಿಯಿತು ಅಂತ ವಿವರಣೆಯಲ್ಲಿ ಬರೀರಿ.

ಲ್ಯಾಪ್‌ಟಾಪ್: ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ, ರ್‍ಯಾಮ್ 8 ಜಿಬಿ. ಹೊಸದು ಕೊಳ್ಳೋ ಮೊದಲು ರ್‍ಯಾಮ್ ಹಾಕೋ ಸ್ಲಾಟ್ ಇದೆಯಾ ಅಂತ ಬಿಚ್ಚಿಸಿ ನೋಡಿ, ಕೆಲವದ್ರಲ್ಲಿ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಚಾರ್ಟ್, ರಿಪೋರ್ಟ್ ಮಾಡೋ ಪವರ್ ಬಿಐ ಡೆಸ್ಕ್‌ಟಾಪ್ ಪುಕ್ಕಟೆ, ವಿಂಡೋಸ್‌ನಲ್ಲಿ ಮಾತ್ರ. ಜಿಮೇಲ್ ಖಾತೆಯಿಂದ ಅದರ ಆನ್‌ಲೈನ್ ಸರ್ವಿಸ್‌ಗೆ ಸೈನ್ ಇನ್ ಆಗೋಕೆ ಬಿಡಲ್ಲ, ಆಫೀಸಿನ ಅಥವಾ ಕಾಲೇಜಿನ ಮೇಲ್ ಬೇಕು. ಅದಕ್ಕೆ ಒದ್ದಾಡಬೇಡಿ, ಫೈಲ್ ಮತ್ತು ಸ್ಕ್ರೀನ್‌ಶಾಟ್ ಇಟ್ಟರೆ ಸಾಕು.

ಕಡತ_ಪರಿಶೀಲನೆ

ಆ ಇನ್‌ಸ್ಟಿಟ್ಯೂಟ್ ವಿಷಯಕ್ಕೆ ಮಾತ್ರ ಉತ್ತರ.

"ಎಕ್ಸ್‌ಪೀರಿಯನ್ಸ್ ಹಾಕಿಕೊಡ್ತೀವಿ" ಅಂದ್ರೆ ನಕಲಿ ಅಂತಲೇ ಅರ್ಥ. ಇದು ಸಿಕ್ಕಿಬೀಳೋದು ಇಂಟರ್‌ವ್ಯೂನಲ್ಲಿ ಅಲ್ಲ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ, ಕೆಲವು ಸಲ ಕೆಲಸಕ್ಕೆ ಸೇರಿ ತಿಂಗಳುಗಳಾದ ಮೇಲೆ. ಕಂಪನಿಯವರು ಯುಎಎನ್‌ನ (ಪಿಎಫ್ ಸದಸ್ಯರ ನಂಬರ್) ಸರ್ವಿಸ್ ಹಿಸ್ಟರಿ ಕೇಳ್ತಾರೆ. ಅದರಲ್ಲಿ ಯಾವ ಸಂಸ್ಥೆ, ಸೇರಿದ ದಿನ, ಬಿಟ್ಟ ದಿನ ಎಲ್ಲ ಇರುತ್ತೆ. ಫಾರಂ 26ಎಎಸ್, ಫಾರಂ 16 (ಎರಡೂ ಕಡಿತವಾದ ತೆರಿಗೆಯ ದಾಖಲೆ), ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ. ಹಿಂದಿನ ಸಂಸ್ಥೆಗೆ ನೇರವಾಗಿ ಮೇಲ್ ಹಾಕ್ತಾರೆ, ವಿಳಾಸಕ್ಕೆ ಆಳು ಕಳಿಸೋದೂ ಉಂಟು. ಸಿಕ್ಕಿಬಿದ್ದರೆ ಅವತ್ತೇ ಲ್ಯಾಪ್‌ಟಾಪ್ ವಾಪಸ್, ಕೈಗೆ ರಿಲೀವಿಂಗ್ ಲೆಟರ್ ಸಿಗಲ್ಲ, ಮುಂದಿನ ಕಡೆ ತೋರಿಸೋಕೆ ಅಷ್ಟು ಕಾಲವೂ ಖಾಲಿ. ಫೀಸು ತಗೊಂಡವರು ಆಗ ಫೋನ್ ಎತ್ತಲ್ಲ.

ನಿಮ್ಮ ಐದು ವರ್ಷ ನಿಜವಾದದ್ದು, ಅದಕ್ಕೆ ಕಾಗದ ಮಾಡಿಕೊಳ್ಳಿ. 20ಕ್ಕಿಂತ ಕಡಿಮೆ ಜನ ಇರೋ ಕಡೆ ಪಿಎಫ್ ಕಡ್ಡಾಯ ಅಲ್ಲ, ಆದ್ದರಿಂದ ಯುಎಎನ್ ಇಲ್ಲ ಅನ್ನೋದು ತಪ್ಪೇನಲ್ಲ. ಬದಲಿಗೆ ಇವು ಬೇಕು: ಲೆಟರ್‌ಹೆಡ್‌ನಲ್ಲಿ ಸೇರಿದ ದಿನ, ಹುದ್ದೆ, ಕೆಲಸದ ವಿವರ ಇರೋ ಪತ್ರ; ಸಂಬಳದ ಬ್ಯಾಂಕ್ ಸ್ಟೇಟ್‌ಮೆಂಟ್; ಐಟಿ ರಿಟರ್ನ್ ಹಾಕಿದ್ದರೆ ಅದರ ಪ್ರತಿ. ಈಗ ಕೈಗೆ ನಗದು ಕೊಡ್ತಿದ್ದರೆ ಇದೇ ತಿಂಗಳಿಂದ ಖಾತೆಗೆ ಹಾಕಿ ಅಂತ ಸಾರ್ ಹತ್ರ ಕೇಳಿ. ಕೊನೇ ದಿನ ಕೇಳಿದರೆ ಮುಖ ತಿರುಗಿಸ್ತಾರೆ, ಆರು ತಿಂಗಳು ಮುಂಚೆ ಕೇಳಿದರೆ ಕೊಡ್ತಾರೆ.

ಕೆಲಸ ಕೊಡಿಸೋಕೆ ದುಡ್ಡು, ಸೆಕ್ಯುರಿಟಿ ಡಿಪಾಸಿಟ್, ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಈ ಮೂರರಲ್ಲಿ ಯಾವುದನ್ನು ಕೇಳಿದರೂ ಎದ್ದು ಬನ್ನಿ.

ಸಂಬಳದ ಮಾತಿಗೆ ಮೊದಲು ಸಿಟಿಸಿ (ಕಂಪನಿಗೆ ನಿಮ್ಮ ಮೇಲೆ ತಗಲೋ ಒಟ್ಟು ಖರ್ಚು) ಬಿಡಿಸಿ ನೋಡಿ. ವರ್ಷಕ್ಕೆ ₹3.6 ಲಕ್ಷ ಅಂದ್ರೆ ತಿಂಗಳಿಗೆ 30,000 ಕೈಗೆ ಬರಲ್ಲ. ಒಂದು ಮಾದರಿ: 10% ವೇರಿಯಬಲ್ (ಕೆಲಸ ನೋಡಿ ಆಮೇಲೆ ಕೊಡೋ ಪಾಲು) ಇದ್ದರೆ ಉಳಿಯೋದು 27,000. ಕಂಪನಿ ಪಾಲಿನ ಪಿಎಫ್ 1,800, ಬೇಸಿಕ್ 15,000ಕ್ಕೆ 4.81% ಗ್ರಾಚುಟಿ 721 ಅದರೊಳಗೇ ಸೇರಿರುತ್ತೆ, ಕಳೆದರೆ 24,479. ನಿಮ್ಮ ಪಾಲಿನ ಪಿಎಫ್ 1,800 ಹೋಗಿ ಕೈಗೆ 22,679. ಇನ್ಶೂರೆನ್ಸ್ ಕಡಿತ ಇದ್ದರೆ ಇನ್ನೂ ಕಡಿಮೆ. ದಾವಣಗೆರೆಯಲ್ಲಿ ಮನೆಯಿಂದ ಹೋಗಿಬರೋ ಸಂಬಳಕ್ಕೂ ಬೆಂಗಳೂರಿನ ಪಿಜಿ ಬಾಡಿಗೆ ಕಳೆದ ಸಂಬಳಕ್ಕೂ ಈ ಲೆಕ್ಕದಲ್ಲೇ ಹೋಲಿಸಿ.

ಬಗ್_ಹಿಡಿಯೋಳು

ಎಡಬದಿಯವರು ಹೇಳಿದ್ದು ಸರಿ, ಆದರೆ ಡೇಟಾ ಅನಲಿಸ್ಟ್ ಹುದ್ದೆಗೆ ಅರ್ಜಿಗಳ ರಾಶಿ ದೊಡ್ಡದು. ಇವರಿಗೆ ಟೆಸ್ಟಿಂಗ್ ಇನ್ನೂ ಹತ್ತಿರದ ಬಾಗಿಲು ಅನ್ನೋದು ನನ್ನ ಅಭಿಪ್ರಾಯ. ಬಿಲ್ಲಿಂಗ್, ಪೇರೋಲ್, ಇಆರ್‌ಪಿ ಮಾಡೋ ಕಂಪನಿಗಳಿಗೆ ಡೆಬಿಟ್-ಕ್ರೆಡಿಟ್ ಗೊತ್ತಿರೋ ಟೆಸ್ಟರ್ ಸಿಗೋದು ಕಷ್ಟ.

ಒಂದು ಉದಾಹರಣೆ. ತಲಾ ₹10.03ರ ಮೂರು ಐಟಂ, ಜಿಎಸ್‌ಟಿ 18%. ತೆರಿಗೆ ಎಷ್ಟು?

ಐಜಿಎಸ್‌ಟಿಯನ್ನು (ಬೇರೆ ರಾಜ್ಯದ ಮಾರಾಟಕ್ಕೆ) ಸಾಲುಸಾಲಿಗೆ ಲೆಕ್ಕ ಹಾಕಿ ರೌಂಡ್ ಮಾಡಿದರೆ 1.81 × 3 = 5.43. ಒಟ್ಟು 30.09ರ ಮೇಲೆ ಹಾಕಿದರೆ 5.42. ಒಂದೇ ರಾಜ್ಯದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 9% ಅಂತ ಸಾಲುಸಾಲಿಗೆ ಹಾಕಿದರೆ 0.90 × 3 × 2 = 5.40. ಒಂದೇ ಮೊತ್ತಕ್ಕೆ ಮೂರು ಉತ್ತರ! ಸ್ಕ್ರೀನಿನಲ್ಲಿ ಒಂದು, ಪಿಡಿಎಫ್‌ನಲ್ಲಿ ಇನ್ನೊಂದು, ಲೆಡ್ಜರ್ ಪೋಸ್ಟಿಂಗ್‌ನಲ್ಲಿ ಮತ್ತೊಂದು ಬಂದರೆ ಅದೇ ಬಗ್. ಡೆವಲಪರ್‌ಗಳು ₹100, ₹1,000 ಹಾಕಿ ನೋಡಿ "ಸರಿ ಇದೆ" ಅಂತ ಬಿಡ್ತಾರೆ, ಯಾಕಂದ್ರೆ ಆ ಅಂಕಿಗಳಲ್ಲಿ ಇದು ಕಾಣೋದೇ ಇಲ್ಲ.

ಇನ್ನು ನೀವೇ ಸೇರಿಸಿ: ಮೂಲ ಬಿಲ್ಲಿಗಿಂತ ದೊಡ್ಡ ಕ್ರೆಡಿಟ್ ನೋಟ್, ವರ್ಷ ಲಾಕ್ ಆದಮೇಲೆ ಮಾರ್ಚ್ 31ರ ತಾರೀಕಿನ ಎಂಟ್ರಿ, ಬಿಲ್ಲು ಉಳಿಸಿದ ಮೇಲೆ ಗ್ರಾಹಕರ ರಾಜ್ಯ ಕರ್ನಾಟಕದಿಂದ ತಮಿಳುನಾಡಿಗೆ ಬದಲಾದರೆ ಐಜಿಎಸ್‌ಟಿ ಆಗುತ್ತಾ ಹಳೇದೇ ಉಳಿಯುತ್ತಾ. ಇಂಥ 50 ಟೆಸ್ಟ್ ಕೇಸನ್ನು ಒಂದು ಶೀಟಿನಲ್ಲಿ ಬರೀರಿ: ಮೊದಲ ಸ್ಥಿತಿ, ಹಂತಗಳು, ಕೊಡೋ ಅಂಕಿ, ಬರಬೇಕಾದ ಉತ್ತರ, ಬಂದ ಉತ್ತರ. ಇಆರ್‌ಪಿ ನೆಕ್ಸ್ಟ್ ಓಪನ್ ಸೋರ್ಸ್, ಅದರ ಮೇಲೆ ಓಡಿಸಿ ನೋಡಬಹುದು.

ಐಎಸ್‌ಟಿಕ್ಯೂಬಿ ಫೌಂಡೇಶನ್ (ಟೆಸ್ಟರ್‌ಗಳ ಸರ್ಟಿಫಿಕೇಟ್) ಪರೀಕ್ಷೆ 40 ಪ್ರಶ್ನೆ, 60 ನಿಮಿಷ, ಪಾಸಿಗೆ 26 ಅಂಕ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ 15 ನಿಮಿಷ ಹೆಚ್ಚು ಸಿಗುತ್ತೆ. ಸಿಲಬಸ್ ಪುಕ್ಕಟೆ ಇಳಿಸಿಕೊಂಡು ಓದಬಹುದು, ಕೋಚಿಂಗ್ ಬೇಡ. ಆದರೆ ಬರೀ ಮ್ಯಾನ್ಯುಯಲ್ ಟೆಸ್ಟಿಂಗ್‌ನಲ್ಲೇ ನಿಂತರೆ ಎರಡು ವರ್ಷಕ್ಕೆ ಗೋಡೆ ಬರುತ್ತೆ. ಎಸ್‌ಕ್ಯೂಎಲ್ ಹೇಗೂ ಬೇಕು, ಅದರ ಮೇಲೆ ಪೋಸ್ಟ್‌ಮನ್‌ನಲ್ಲಿ ಎಪಿಐ (ಎರಡು ಸಾಫ್ಟ್‌ವೇರ್ ಮಾತಾಡಿಕೊಳ್ಳೋ ಕೊಂಡಿ) ಟೆಸ್ಟಿಂಗ್, ಆಮೇಲೆ ಬ್ರೌಸರ್ ಟೆಸ್ಟನ್ನು ತಾನಾಗೇ ಓಡಿಸೋ ಪ್ಲೇರೈಟ್ ಅಥವಾ ಸೆಲೆನಿಯಂ.

ರಾತ್ರಿಪಾಳಿ_ಎಲ್2

ಸ್ಯಾಪ್ ಫೈಕೊ (ಸ್ಯಾಪ್ ಇಆರ್‌ಪಿಯ ಲೆಕ್ಕಪತ್ರ ಭಾಗ) ಬಗ್ಗೆ ಯಾರೂ ಹೇಳಲಿಲ್ಲ. ಅಕೌಂಟ್ಸ್‌ನವರಿಗೆ ಎಲ್ಲರೂ ಮೊದಲು ಹೇಳೋದೇ ಅದನ್ನ. ವಿಷಯ ಹೊಂದುತ್ತೆ, ಆದರೆ ಕೋರ್ಸ್ ಮಾಡಿದ ಮಾತ್ರಕ್ಕೆ ಕೆಲಸ ಸಿಗಲ್ಲ. ಇಂಪ್ಲಿಮೆಂಟೇಶನ್ ಮಾಡಿದ್ದೀರಾ, ಇಲ್ಲ ಎಂಡ್ ಯೂಸರ್ ಆಗಿಯಾದ್ರೂ ಬಳಸಿದ್ದೀರಾ ಅಂತ ಕೇಳ್ತಾರೆ. ಸ್ಯಾಪ್ ಇರೋ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಒಂದು ವರ್ಷ ಹಾರಿ, ಅಲ್ಲಿಂದ ಫಂಕ್ಷನಲ್ ಸಪೋರ್ಟ್‌ಗೆ ಹೋಗೋದು ಸುತ್ತು ದಾರಿ ಆದರೂ ಗಟ್ಟಿ. ಹಳೇ ಆವೃತ್ತಿಯಾದ ಇಸಿಸಿಗೆ ಸ್ಯಾಪ್ ಕೊಡೋ ಮುಖ್ಯ ಬೆಂಬಲ 2027ಕ್ಕೆ ಮುಗಿಯುತ್ತೆ, ಕಲಿಯೋದಾದ್ರೆ ಹೊಸ ಆವೃತ್ತಿ ಎಸ್/4 ಹಾನಾ ಮೇಲೇ ಕಲಿಯಿರಿ. ಸಪೋರ್ಟ್ ಅಂದ್ರೆ ಪಾಳಿ ಕೆಲಸ ಅನ್ನೋದನ್ನೂ ಮನೆಯಲ್ಲಿ ಮೊದಲೇ ಹೇಳಿಡಿ.

ಖಾತೆಪುಸ್ತಕ_ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್‌ಸ್ಟಿಟ್ಯೂಟ್ ಕೈಬಿಟ್ಟೆ. 2ಬಿ ಪ್ರಾಜೆಕ್ಟೇ ಹಿಡಿತೀನಿ, ಟೆಸ್ಟ್ ಕೇಸ್ ಶೀಟ್ ಅದರ ಜೊತೆಗೇ. ಎರಡು ಸಂದೇಹ. ರಿಟರ್ನ್ ಸೀಸನ್ನಲ್ಲಿ ರಾತ್ರಿ 9ರ ತನಕ ಆಫೀಸು, ಓದೋಕೆ ಹೊತ್ತು ಹೇಗೆ ಹೊಂದಿಸೋದು? ಮತ್ತೆ ಟ್ಯಾಲಿಯಿಂದ ಖರೀದಿ ವೋಚರ್‌ಗಳನ್ನು ಎಕ್ಸ್‌ಎಂಎಲ್ ತೆಗೆದು ಪೈಥಾನ್‌ಗೆ ಕೊಟ್ಟರೆ ಮೊದಲಲ್ಲೇ ಎರರ್ ಬಂದು ನಿಲ್ಲುತ್ತೆ.

ಎಡಬದಿ_ಜಾಯಿನ್

ಹೊತ್ತು: 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ (ತಿಂಗಳ ತೆರಿಗೆ ಕಟ್ಟೋ ರಿಟರ್ನ್). ಹಾಗಾಗಿ ಹೊಸ ಪಾಠ 21ರಿಂದ ತಿಂಗಳ ಕೊನೆ ತನಕ ಮಾತ್ರ. 1ರಿಂದ 20ರ ತನಕ ದಿನಕ್ಕೆ ಅರ್ಧ ಗಂಟೆ, ಎರಡು ಎಸ್‌ಕ್ಯೂಎಲ್ ಲೆಕ್ಕ, ಅಷ್ಟೇ. ಜುಲೈನಿಂದ ಸೆಪ್ಟೆಂಬರ್ ತನಕ ಐಟಿ ರಿಟರ್ನ್, ಆಡಿಟ್ ಅಂತ ಏನೂ ಸಾಗಲ್ಲ, ಅದನ್ನು ಲೆಕ್ಕದಿಂದಲೇ ತೆಗೆದುಬಿಡಿ. ಇಂಟರ್‌ವ್ಯೂಗಳನ್ನು ಅಕ್ಟೋಬರ್ ಮೇಲೆ ಇಟ್ಟುಕೊಳ್ಳಿ. ಆಫರ್ ಲೆಟರ್ ಕೈಗೆ ಬರೋ ತನಕ ಕೆಲಸ ಬಿಡಬೇಡಿ. ನಿಮ್ಮ ನೋಟಿಸು ಒಂದೇ ತಿಂಗಳಾಗಿದ್ದರೆ ಅದು ಇಲ್ಲಿ ಬಲ, ಈಗಾಗಲೇ ಐಟಿಯಲ್ಲಿರೋರು ನೋಟಿಸು ಅಂತ 60-90 ದಿನ ಕಾಯಿಸ್ತಾರೆ. ನೌಕ್ರಿ ಪ್ರೊಫೈಲಿನಲ್ಲಿ ಅದನ್ನು ತುಂಬಿ.

ಎಕ್ಸ್‌ಎಂಎಲ್: ಇದು ಟ್ಯಾಲಿಯ ಹಳೇ ಚಾಳಿ. ಎರಡು ಕಾರಣ ಇರಬಹುದು. ಫೈಲು ಯುಟಿಎಫ್-16ರಲ್ಲಿ (ಅಕ್ಷರಗಳನ್ನು ಫೈಲಿನಲ್ಲಿ ಇಡೋ ಒಂದು ಕ್ರಮ) ಬಂದಿರುತ್ತೆ, ನೀವು ಯುಟಿಎಫ್-8 ಅಂತ ತೆರೀತಿರ್ತೀರಿ. ಅದು ಸರಿ ಮಾಡಿದರೂ ನಿಂತರೆ, ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆದು  ಅಂತ ಹುಡುಕಿ. "ಪ್ರೈಮರಿ" ಅನ್ನೋ ಪದದ ಹಿಂದೆ ಸಿಗುತ್ತೆ. ಎಕ್ಸ್‌ಎಂಎಲ್ ನಿಯಮದಲ್ಲಿ ಆ ಗುರುತು ನಿಷಿದ್ಧ, ಪಾರ್ಸರ್ (ಫೈಲ್ ಓದಿ ಬಿಡಿಸೋ ಪ್ರೋಗ್ರಾಂ) ಅಲ್ಲೇ ಬಾಗಿಲು ಹಾಕುತ್ತೆ. ಇಡೀ ಫೈಲನ್ನು ಪಠ್ಯವಾಗಿ ಓದಿ,  ಅಳಿಸಿ, ಆಮೇಲೆ ಪಾರ್ಸರ್‌ಗೆ ಕೊಡಿ.

ಒಳಗೆ ಹೋದಮೇಲೆ ಇನ್ನೆರಡು ಕಾದಿವೆ. ತಾರೀಕು 20240401 ಅಂತ ಒಟ್ಟಿಗೆ ಅಂಟಿಕೊಂಡಿರುತ್ತೆ. ಮೊತ್ತದಲ್ಲಿ ಡೆಬಿಟ್‌ಗೆ ಮೈನಸ್, ಕ್ರೆಡಿಟ್‌ಗೆ ಪ್ಲಸ್. ಖರೀದಿ ಲೆಡ್ಜರ್ ಪೂರ್ತಿ ಮೈನಸ್‌ನಲ್ಲಿ ಕಂಡರೆ ಗಾಬರಿ ಬೇಡ, ಚಿಹ್ನೆ ತಿರುಗಿಸಿ 2ಬಿ ಪಕ್ಕ ಇಡಿ. ಡೆಬಿಟ್ ನೋಟ್‌ಗಳ ಚಿಹ್ನೆಯೂ ಜೊತೆಗೇ ತಿರುಗುತ್ತೆ, ಅವನ್ನು ಬೇರೆ ಮಾಡಿ 2ಬಿಯ ಕ್ರೆಡಿಟ್-ಡೆಬಿಟ್ ನೋಟ್ ಶೀಟಿನ ಜೊತೆ ತಾಳೆ ಹಾಕಿ. ಮಾಮೂಲಿ ಬಿಲ್ಲುಗಳ ಬಿ2ಬಿ ಶೀಟಿನಲ್ಲಿ ಹುಡುಕಿದರೆ ಸಿಗಲ್ಲ.

ಬಗ್_ಹಿಡಿಯೋಳು

ಮಾದರಿ ಕಂಪನಿಯನ್ನು ಟ್ಯಾಲಿ ಎಜುಕೇಶನ್ ಮೋಡ್‌ನಲ್ಲಿ ಮಾಡೋ ಯೋಚನೆ ಇದ್ದರೆ ಒಂದು ಮಾತು: ಅದರಲ್ಲಿ ತಿಂಗಳ 1, 2, 31 ಈ ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕೋಕೆ ಬಿಡುತ್ತೆ. ತಿಂಗಳ ನಡುವಿನ ತಾರೀಕಿನ ಬಿಲ್ಲುಗಳನ್ನು ಪರೀಕ್ಷಿಸೋಕೆ ಆಗಲ್ಲ. ಎಕ್ಸ್‌ಎಂಎಲ್ ರೂಪ ಹೇಗಿರುತ್ತೆ ಅಂತ ನೋಡೋಕೆ ಅಲ್ಲಿಂದ ನಾಲ್ಕು ವೋಚರ್ ತೆಗೆದುಕೊಳ್ಳಿ. ಆ 500 ಸಾಲನ್ನು ಎಡಬದಿಯವರು ಹೇಳಿದ ಹಾಗೆ ಪ್ರೋಗ್ರಾಂನಲ್ಲೇ ಹುಟ್ಟಿಸಿ.